ಸ್ವಿಚ್‌ಗೆ ಸ್ವಿಚ್ ಸೇರಿಸಿದ ಆಫೀಸಲ್ಲಿ ನೆಟ್‌ವರ್ಕ್ ಕೈಕೊಟ್ರೆ ಎಲ್ಲಿಂದ ಹುಡುಕ್ಬೇಕು

ಆಯುಧ ಪೂಜೆ ಮುಗಿದು ಎರಡು ದಿನ ಆಗಿತ್ತು, ದಾವಣಗೆರೆಯ ಒಂದು ಆಡಿಟರ್ ಆಫೀಸಿಂದ ಬೆಳಗ್ಗೆ ಒಂಬತ್ತೂವರೆಗೇ ಫೋನು. ಟ್ಯಾಲಿ ಓಪನ್ ಆಗ್ತಿಲ್ಲ, ಪ್ರಿಂಟ್ ಹೋಗ್ತಿಲ್ಲ, ಇಂಟರ್ನೆಟ್ ಒಂದು ನಿಮಿಷ ಬರತ್ತೆ ಆಮೇಲೆ ಹೋಗತ್ತೆ, 20ನೇ ತಾರೀಕು ಹತ್ರ ಬಂತು, ಜಿಎಸ್‌ಟಿ ರಿಟರ್ನ್ ಹಾಕ್ಬೇಕು ಅಂತ. "ಏನಾದ್ರೂ ಬದಲಾಯಿಸಿದ್ರಾ?" ಅಂದೆ. "ಇಲ್ಲ ಸರ್, ಏನೂ ಮುಟ್ಟಿಲ್ಲ, ಪೂಜೆಗೆ ಅಂತ ಎಲ್ಲಾ ಬಿಚ್ಚಿ ಒರೆಸಿ ಮತ್ತೆ ಹಾಕಿದ್ವಿ ಅಷ್ಟೇ" ಅಂದ್ರು. ಆ ಮಾತಲ್ಲೇ ಅರ್ಧ ಉತ್ತರ ಇತ್ತು. ಎಲ್ಲಾ ಬಿಚ್ಚಿ ಮತ್ತೆ ಹಾಕೋದು ಅಂದ್ರೆ ನೆಟ್‌ವರ್ಕನ್ನ ಹೊಸದಾಗಿ ಕಟ್ಟಿದ ಹಾಗೇನೇ, ಆದ್ರೆ ಕಟ್ಟಿದೋರಿಗೆ ಮಾತ್ರ ತಾವು ಕಟ್ಟಿದ್ದು ಗೊತ್ತಿರಲ್ಲ.

ಈ ಥರದ ಆಫೀಸುಗಳ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ ರೀತಿ ಇರತ್ತೆ. ಇಂಟರ್ನೆಟ್ ಕಂಪನಿಯವರು ಕೊಟ್ಟ ಫೈಬರ್ ಬಾಕ್ಸು (ಮುಂದೆ ಮುಖ್ಯ ರೂಟರ್ ಅನ್ನೋದು ಇದನ್ನೇ), ಅದರಿಂದ ಒಂದು 16 ಅಥವಾ 24 ಪೋರ್ಟಿನ ಸ್ವಿಚ್ (ಹಲವು ಕಂಪ್ಯೂಟರಿನ ಕೇಬಲ್ ಒಂದೆಡೆ ಸೇರಿಸೋ ಡಬ್ಬಿ, ಕೇಬಲ್ ಸಿಕ್ಕಿಸೋ ಒಂದೊಂದು ಜಾಗ ಒಂದೊಂದು ಪೋರ್ಟ್), ಅದರಿಂದ ಒಂದೊಂದು ರೂಮಿಗೆ ಒಂದೊಂದು ಕೇಬಲ್, ರೂಮಲ್ಲಿ ಜನ ಜಾಸ್ತಿ ಆದ ಹಾಗೆ ಟೇಬಲ್ ಕೆಳಗೆ ಒಂದು 5 ಪೋರ್ಟಿಂದೋ 8 ಪೋರ್ಟಿಂದೋ ಸಣ್ಣ ಸ್ವಿಚ್, ಅದೂ ಸಾಲದೇ ಬಂದ್ರೆ ಅದಕ್ಕೆ ಇನ್ನೊಂದು. ಒಂದಕ್ಕೊಂದು ಸೇರಿಸೋದು ತಪ್ಪಲ್ಲ. ಸ್ವಿಚ್ ಇರೋದೇ ಅದಕ್ಕೆ. ತೊಂದರೆ ಬರೋದು ಯಾವುದು ಯಾವುದಕ್ಕೆ ಸೇರಿದೆ ಅನ್ನೋದು ಯಾರಿಗೂ ಗೊತ್ತಿಲ್ಲದೇ ಹೋದಾಗ.

ಅದಕ್ಕೇ ನಾನು ಹೋದ ತಕ್ಷಣ ಯಾವ ಕೇಬಲ್ಲನ್ನೂ ಎಳೆಯಲ್ಲ. ಮೊದಲು ಎಲ್ಲಾ ಸ್ವಿಚ್ ಎಲ್ಲಿದೆ ಅಂತ ಹುಡುಕ್ತೀನಿ, ಟೇಬಲ್ ಕೆಳಗೆ, ಬೀರು ಹಿಂದೆ, ಫಾಲ್ಸ್ ಸೀಲಿಂಗ್ ಮೇಲೆ, ಎಲ್ಲಾ ಕಡೆ. ಪ್ರತಿಯೊಂದರ ಫೋಟೋ ಮೊಬೈಲಲ್ಲಿ ತೆಗೆದು ಒಂದು ಹಾಳೆ ಮೇಲೆ ಚೌಕ ಹಾಕಿ ಗೆರೆ ಎಳೀತೀನಿ. ಹತ್ತು ನಿಮಿಷ ಹೋಗತ್ತೆ, ಆಫೀಸಿನೋರು ಸುತ್ತ ನಿಂತು ಚಡಪಡಿಸ್ತಾ ಇರ್ತಾರೆ, ಆದ್ರೂ ಬಿಡಬಾರದು. ಆ ಹಾಳೆ ಇಲ್ಲದೇ ಕೇಬಲ್ ಎಳೆದು ಹಾಕಿ ಮಾಡಿದ್ರೆ ಇದ್ದ ಒಂದು ದೋಷಕ್ಕೆ ಎರಡು ಸೇರತ್ತೆ. ಅವತ್ತು ಆ ಆಫೀಸಲ್ಲಿ ಅವರು ಹೇಳಿದ್ದು ನಾಲ್ಕು ಸ್ವಿಚ್, ಸಿಕ್ಕಿದ್ದು ಆರು.

ಆಮೇಲೆ ಲೈಟು ನೋಡ್ಬೇಕು. ಇದೇ ಅರ್ಧ ಪರೀಕ್ಷೆ. ಸರಿಯಾಗಿರೋ ನೆಟ್‌ವರ್ಕಲ್ಲಿ ಒಂದೊಂದು ಪೋರ್ಟಿನ ಲೈಟು ಒಂದೊಂದು ಲಯದಲ್ಲಿ ಮಿಣುಕತ್ತೆ, ಕೆಲಸ ಮಾಡ್ತಿರೋ ಕಡೆ ಜೋರಾಗಿ, ಸುಮ್ನೆ ಇರೋ ಕಡೆ ಆಗೊಮ್ಮೆ ಈಗೊಮ್ಮೆ. ಎಲ್ಲಾ ಸ್ವಿಚ್‌ನ ಎಲ್ಲಾ ಲೈಟೂ ಒಟ್ಟಿಗೆ, ಒಂದೇ ವೇಗದಲ್ಲಿ, ಹುಚ್ಚು ಹಿಡಿದ ಹಾಗೆ ಹೊಡ್ಕೊಳ್ತಾ ಇದ್ರೆ ಅದು ಲೂಪ್ ಅಂತಾನೇ ಮೊದಲು ಅನುಮಾನ ಪಡಿ. ಅವತ್ತು ಹಾಗೇ ಇತ್ತು, ಯಾರೂ ಕಂಪ್ಯೂಟರ್ ಮುಟ್ಟದೇ ನಿಂತಿದ್ರೂ 24 ಪೋರ್ಟಿನ ಸ್ವಿಚ್ ದೀಪಾವಳಿ ಸರದ ಹಾಗೆ ಉರೀತಿತ್ತು.

ಲೂಪ್ ಅಂದ್ರೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಹುಡುಕೋದು ತಾನಾಗೇ ಬರತ್ತೆ. ಸ್ವಿಚ್‌ಗೆ ಯಾವ ಮೆಷೀನು ಯಾವ ಪೋರ್ಟಲ್ಲಿದೆ ಅಂತ ಒಂದು ಪಟ್ಟಿ ಇರತ್ತೆ, ಬಂದ ಡೇಟಾನ ಆ ಪಟ್ಟಿ ನೋಡಿ ಸರಿಯಾದ ಪೋರ್ಟಿಗೆ ಕಳಿಸತ್ತೆ. ಆದ್ರೆ ಬ್ರಾಡ್‌ಕಾಸ್ಟ್ ಅಂತ ಒಂದು ಜಾತಿ ಇದೆ, "ಈ ಐಪಿ ಯಾರದ್ದಪ್ಪಾ" ಅಂತ ಊರಿಗೆಲ್ಲಾ ಕೂಗಿ ಕೇಳೋ ಥರದ್ದು (ಐಪಿ ಅಂದ್ರೆ ನೆಟ್‌ವರ್ಕಲ್ಲಿ ಒಂದೊಂದು ಮೆಷೀನಿಗೆ ಇರೋ ನಂಬರ್), ಅದನ್ನ ಸ್ವಿಚ್ ಬಂದ ಪೋರ್ಟೊಂದು ಬಿಟ್ಟು ಉಳಿದ ಎಲ್ಲಾ ಪೋರ್ಟಿಗೂ ಕಳಿಸ್ಲೇಬೇಕು. ಈಗ ಎರಡು ಸ್ವಿಚ್ ಮಧ್ಯೆ ಎರಡು ಕೇಬಲ್ ಇದೆ ಅಂತ ಇಟ್ಕೊಳ್ಳಿ. ಒಂದು ಕೇಬಲಲ್ಲಿ ಹೋದ ಕೂಗು ಇನ್ನೊಂದು ಕೇಬಲಲ್ಲಿ ವಾಪಸ್ ಬರತ್ತೆ, ಬಂದಿದ್ದನ್ನ ಇದು ಹೊಸದು ಅಂದ್ಕೊಂಡು ಮತ್ತೆ ಕಳಿಸತ್ತೆ, ಅದು ಮತ್ತೆ ಸುತ್ತತ್ತೆ. ಐಪಿ ಪ್ಯಾಕೆಟ್ಟಿಗಾದ್ರೆ ಟಿಟಿಎಲ್ ಅಂತ ಆಯಸ್ಸು ಇರತ್ತೆ, ಒಂದೊಂದು ರೂಟರ್ ದಾಟಿದಾಗ್ಲೂ ಒಂದು ಕಮ್ಮಿಯಾಗಿ ಸೊನ್ನೆ ಆದ್ರೆ ಸತ್ತೋಗತ್ತೆ, ಆದ್ರೆ ಸ್ವಿಚ್ ನೋಡೋದು ಅದರ ಹೊರಗಿನ ಈಥರ್ನೆಟ್ ಫ್ರೇಮ್ ಅನ್ನೋ ಹೊದಿಕೆನ, ಅದಕ್ಕೆ ಅಂಥ ಆಯಸ್ಸೇ ಇಲ್ಲ. ಹಾಗಾಗಿ ಸುತ್ತೋದು ನಿಲ್ಲಲ್ಲ, ಹೊಸ ಕೂಗು ಸೇರ್ತಾ ಹೋಗತ್ತೆ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಕೇಬಲ್ ಪೂರ್ತಿ ಅದರಲ್ಲೇ ತುಂಬಿಹೋಗತ್ತೆ. ಇದಕ್ಕೇ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಅನ್ನೋದು. ಜೊತೆಗೆ ಒಂದೇ ಕಂಪ್ಯೂಟರ್ ಈಗ ಒಂದು ಪೋರ್ಟಲ್ಲಿ ಕಾಣತ್ತೆ, ಮರುಗಳಿಗೆ ಇನ್ನೊಂದರಲ್ಲಿ, ಸ್ವಿಚ್‌ನ ಪಟ್ಟಿನೂ ಕಲಸುಮೇಲೋಗರ.

ಅಂದ್ರೆ ನಿಯಮ ಒಂದೇ, ಸಾದಾ ಸ್ವಿಚ್‌ಗಳಲ್ಲಿ ಯಾವುದೇ ಎರಡರ ಮಧ್ಯೆ ಒಂದೇ ಒಂದು ದಾರಿ ಇರ್ಬೇಕು. ಎರಡು ಕೇಬಲ್ ಹಾಕಿದ್ರೆ ಸ್ಪೀಡ್ ಡಬಲ್ ಆಗತ್ತೆ ಅಂತ ಹಾಕೋರನ್ನ ನೋಡಿದೀನಿ. ಅದಕ್ಕೆ ಎರಡೂ ಕಡೆ ಮ್ಯಾನೇಜ್ಡ್ ಸ್ವಿಚ್, ಅಂದ್ರೆ ಒಳಗೆ ಹೋಗಿ ಸೆಟ್ಟಿಂಗ್ ಬದಲಾಯಿಸೋಕೆ ಬರೋದು ಬೇಕು, ಎರಡರಲ್ಲೂ ಲಿಂಕ್ ಅಗ್ರಿಗೇಶನ್ (ಎರಡು ಕೇಬಲ್ಲನ್ನ ಒಂದೇ ದಾರಿ ಅಂತ ಎಣಿಸೋದು) ಸೆಟ್ ಮಾಡಿರ್ಬೇಕು, ಸಾದಾ ಸ್ವಿಚ್‌ನಲ್ಲಿ ಹಾಗೆ ಹಾಕಿದ್ರೆ ನೇರ ಲೂಪೇ.

ಹುಡುಕೋದು ಹೇಗೆ ಅಂದ್ರೆ ಮಧ್ಯದ ಸ್ವಿಚ್ ಮುಂದೆ ಕೂತ್ಕೊಳ್ಳಿ, ಒಂದು ಲ್ಯಾಪ್‌ಟಾಪ್‌ನ ಅದಕ್ಕೇ ನೇರ ಹಾಕಿ ರೂಟರಿಗೆ ಪಿಂಗ್ ಬಿಡಿ (ಇದೀಯಾ ಅಂತ ಕೇಳಿ, ಉತ್ತರ ಬರೋಕೆ ಎಷ್ಟು ಹೊತ್ತಾಯ್ತು ಅಂತ ತೋರಿಸೋ ಕಮಾಂಡ್ ಅದು), ಕಮಾಂಡ್ ಪ್ರಾಂಪ್ಟಲ್ಲಿ ಪಿಂಗ್ 192.168.1.1 ಅಂತ ಬರೆದು ಕೊನೇಲಿ ಮೈನಸ್ ಟಿ ಹಾಕಿದ್ರೆ ನಿಲ್ಲಿಸೋ ತನಕ ಓಡ್ತಾನೇ ಇರತ್ತೆ (ನಿಮ್ಮ ರೂಟರ್ ನಂಬರ್ ಬೇರೆ ಇದ್ರೆ ಅದನ್ನ ಹಾಕಿ). ಈಗ ಬೇರೆ ಸ್ವಿಚ್‌ಗಳಿಗೆ ಹೋಗೋ ಕೇಬಲ್ ಮಾತ್ರ ಒಂದೊಂದಾಗಿ ಬಿಚ್ಚಿ, ಬಿಚ್ಚೋಕೆ ಮುಂಚೆ ಪೋರ್ಟ್ ನಂಬರ್ ಬರೆದ ಟೇಪ್ ಸುತ್ತಿ. ಯಾವ ಕೇಬಲ್ ತೆಗೆದ ಕ್ಷಣ ಲೈಟುಗಳ ಹುಚ್ಚಾಟ ನಿಂತು ಪಿಂಗ್ ಒಂದು ಮಿಲಿಸೆಕೆಂಡಿಗೆ ಇಳಿಯತ್ತೋ ಆ ಕಡೆ ಲೂಪ್ ಇದೆ. ಲೂಪಿನ ಒಂದು ಒಳ್ಳೆ ಗುಣ ಇದು, ಕತ್ತರಿಸಿದ ತಕ್ಷಣ ಸರಿಹೋಗತ್ತೆ, ಕಾಯೋದೇ ಬೇಡ. ಆಮೇಲೆ ಆ ಕೇಬಲ್ ಹೋಗೋ ಸ್ವಿಚ್ ಹತ್ರ ಹೋಗಿ ಅದರ ಒಂದೊಂದು ಕೇಬಲ್ಲೂ ಎಲ್ಲಿ ಮುಗಿಯತ್ತೆ ಅಂತ ಕೈಯಲ್ಲಿ ಹಿಡಿದು ನೋಡಿ, ಕಣ್ಣಂದಾಜು ಬೇಡ.

ಅವತ್ತು ಸಿಕ್ಕಿದ್ದು ಡೇಟಾ ಎಂಟ್ರಿ ರೂಮಲ್ಲಿ. ಅಲ್ಲಿ ಎರಡು ಸಣ್ಣ ಸ್ವಿಚ್, ಒಂದರಿಂದ ಇನ್ನೊಂದಕ್ಕೆ ಮೊದಲಿಂದ್ಲೂ ಕೇಬಲ್ ಇದೆ. ಒರೆಸುವಾಗ ನೆಲದ ಮೇಲೆ ಇನ್ನೊಂದು ಕೇಬಲ್ಲು ಬಿದ್ದಿತ್ತು, ಹಳೇ ಕಂಪ್ಯೂಟರ್ ತೆಗೆದಾಗ ಉಳಿದಿದ್ದು, ಒಂದು ತುದಿ ಸ್ವಿಚ್‌ಲೇ ಇತ್ತು. ಆಫೀಸ್ ಹುಡುಗ ಪಾಪ, ಬಿಚ್ಚಿಹೋಗಿದೆ ಅಂದ್ಕೊಂಡು ಇನ್ನೊಂದು ತುದಿನ ಪಕ್ಕದ ಸ್ವಿಚ್‌ನ ಖಾಲಿ ಪೋರ್ಟಿಗೆ ಹಾಕಿದಾನೆ. "ಅಣ್ಣಾ, ನಾನು ಒಳ್ಳೇದಕ್ಕೇ ಹಾಕಿದ್ದು" ಅಂದ. ನಿಜ, ಅವನದೇನೂ ತಪ್ಪಿಲ್ಲ, ಬೇಡದ ಕೇಬಲ್ಲನ್ನ ಒಂದು ತುದಿ ಸ್ವಿಚ್‌ಲಿ ಬಿಟ್ಟು ಹೋದೋರದ್ದೇ ತಪ್ಪು. ಉಪಯೋಗಕ್ಕಿಲ್ಲದ ಕೇಬಲ್ ಇದ್ರೆ ಎರಡೂ ತುದಿ ಬಿಚ್ಚಿ ಸುರುಳಿ ಸುತ್ತಿ ಎತ್ತಿಡಿ, ದಯವಿಟ್ಟು.

ಬೇರೆ ಕಡೆ ನಾನು ಕಂಡ ಲೂಪ್‌ಗಳು ಇನ್ನೂ ಇವೆ. ಐಪಿ ಫೋನ್ ಹಿಂದೆ ಎರಡು ಪೋರ್ಟ್ ಇರತ್ತೆ, ಒಂದು ಗೋಡೆಗೆ ಇನ್ನೊಂದು ಕಂಪ್ಯೂಟರಿಗೆ, ಎರಡನ್ನೂ ಗೋಡೆಗೇ ಹಾಕಿಬಿಟ್ರೆ ಆ ಫೋನೇ ಲೂಪ್. ವೈಫೈ ಎಕ್ಸ್‌ಟೆಂಡರ್ ಗಾಳಿಯಲ್ಲೂ ರೂಟರಿಗೆ ಸೇರಿರತ್ತೆ, ಅದಕ್ಕೇ ಯಾರೋ ಲ್ಯಾನ್ ಕೇಬಲ್ಲೂ ಹಾಕಿದ್ರೆ ಕೆಲವು ಮಾಡೆಲಲ್ಲಿ ಅದೂ ಲೂಪ್ ಆಗತ್ತೆ, ಇದು ಕೇಬಲ್ ಹಿಡ್ಕೊಂಡು ಹೋದ್ರೆ ಸಿಗಲ್ಲ.

ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಅಂತ ಇದೆ, 1985ರಲ್ಲಿ ರೇಡಿಯಾ ಪರ್ಲ್‌ಮನ್ ಅನ್ನೋರು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ಇದ್ದಾಗ ರೂಪಿಸಿದ್ದು. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡ್ಕೊಂಡು ಲೂಪ್ ಇರೋ ದಾರಿನ ತಾವೇ ಮುಚ್ಚಿಡತ್ತೆ, ಮೊದಲಿನ ದಾರಿ ಕಡಿದ್ರೆ ಮುಚ್ಚಿದ್ದನ್ನ ತೆಗೆಯತ್ತೆ. ನಲವತ್ತು ವರ್ಷ ಆದ್ರೂ ದುನಿಯಾದ ಆಫೀಸುಗಳನ್ನ ಕಾಪಾಡ್ತಾ ಇರೋದು ಅದೇ, ನಂಗೆ ಬಹಳ ಗೌರವ ಇದೆ ಅದರ ಮೇಲೆ. ನಿಮ್ಮ ಮಧ್ಯದ ಸ್ವಿಚ್ ಮ್ಯಾನೇಜ್ಡ್ ಆಗಿದ್ರೆ ಅದು ಆನ್ ಇದೆಯಾ ನೋಡಿ. ಆದ್ರೆ ಅದೊಂದಿದೆ ಅಂತ ಪೂರ್ತಿ ಧೈರ್ಯ ಬೇಡ, ಟೇಬಲ್ ಕೆಳಗಿನ ಅಗ್ಗದ ಸ್ವಿಚ್‌ಗೆ ಆ ಭಾಷೆ ಬರಲ್ಲ, ಒಂದೇ ಕೇಬಲಿನ ಎರಡೂ ತುದಿ ಅದರಲ್ಲೇ ಹಾಕಿದ್ರೆ ಮಧ್ಯದ್ದು ಹಿಡಿಯದೇ ಇರಬಹುದು. ಇನ್ನೊಂದು, ಹಳೇ ಸ್ಪ್ಯಾನಿಂಗ್ ಟ್ರೀ ಆದ್ರೆ ಕೇಬಲ್ ಹಾಕಿದ ಮೇಲೆ 15 ಸೆಕೆಂಡ್ ಕೇಳಿಸ್ಕೊಳ್ಳತ್ತೆ, 15 ಸೆಕೆಂಡ್ ಕಲಿಯತ್ತೆ, ಒಟ್ಟು 30 ಸೆಕೆಂಡ್ ಡೇಟಾ ಬಿಡಲ್ಲ. ಕಂಪ್ಯೂಟರ್ ಆನ್ ಆದ ತಕ್ಷಣ ಐಪಿ ಸಿಗಲ್ಲ, ಸ್ವಲ್ಪ ಹೊತ್ತಾದ ಮೇಲೆ ಸಿಗತ್ತೆ ಅನ್ನೋ ದೂರು ಇದ್ರೆ ಇದನ್ನೂ ಯೋಚಿಸಿ, 2001ರಲ್ಲಿ ಬಂದ ರಾಪಿಡ್ ಸ್ಪ್ಯಾನಿಂಗ್ ಟ್ರೀಗೆ ಬದಲಾಯಿಸಿ ಕಂಪ್ಯೂಟರ್ ಪೋರ್ಟುಗಳನ್ನ ಎಡ್ಜ್ ಅಂತ ಗುರುತು ಮಾಡಿದ್ರೆ ಹೋಗತ್ತೆ.

ಸರಿ, ಅವತ್ತು ಲೂಪ್ ಬಿಚ್ಚಿದೆ, ಎಲ್ಲಾ ಓಡಿತು, ಟೀ ಕುಡಿದು ಬಂದೆ. ಮಾರನೇ ದಿನ ಮತ್ತೆ ಫೋನು. ಮೇಲಿನ ಮಹಡಿಯಲ್ಲಿ ಸ್ಲೋ, ಮತ್ತೆ ಅಕೌಂಟ್ಸ್ ರೂಮಿನ ಇಬ್ಬರಿಗೆ ಪ್ರಿಂಟರ್ ಸಿಗ್ತಿಲ್ಲ. ದೊಡ್ಡ ದೋಷದ ಹಿಂದೆ ಸಣ್ಣ ದೋಷಗಳು ಅಡಗಿರತ್ತೆ, ಅದು ಇರೋ ತನಕ ಇವು ಕಾಣಿಸೋದೇ ಇಲ್ಲ. ಒಂದು ಸಿಕ್ಕಿತು ಅಂತ ಎದ್ದು ಬರಬಾರದು ಅಂತ ಅವತ್ತು ಕಲಿತೆ.

ಸ್ಲೋ ಅಂದ್ರೆ ಎಷ್ಟು ಸ್ಲೋ ಅಂತ ಅಳತೆ ಮಾಡ್ಬೇಕು. ಒಂದು ದೊಡ್ಡ ಫೈಲು, ಒಂದೆರಡು ಜಿಬಿದು, ಸರ್ವರ್‌ನಿಂದ ಕಾಪಿ ಮಾಡಿ ನೋಡಿ. ಸೆಕೆಂಡಿಗೆ 11-12 ಎಂಬಿ ಹತ್ರ ಬಂದು ಅಲ್ಲೇ ಗೋಡೆಗೆ ತಾಗಿದ ಹಾಗೆ ನಿಂತ್ರೆ ಮಧ್ಯದಲ್ಲಿ ಎಲ್ಲೋ ಒಂದು ಲಿಂಕ್ 100 ಎಂಬಿಪಿಎಸ್‌ನಲ್ಲಿದೆ. ಪೂರ್ತಿ ಗಿಗಾಬಿಟ್ ಇದ್ದು ಡಿಸ್ಕ್ ಚೆನ್ನಾಗಿದ್ರೆ 110 ಎಂಬಿ ಹತ್ರ ಬರತ್ತೆ. ಕಂಪ್ಯೂಟರಲ್ಲಿ ಈಥರ್ನೆಟ್ ಸ್ಟೇಟಸ್ ತೆಗೆದ್ರೆ 1.0 ಜಿಬಿಪಿಎಸ್ ಅಂತ ತೋರಿಸ್ಬಹುದು, ಅದನ್ನ ನೋಡಿ ಮೋಸ ಹೋಗ್ಬೇಡಿ, ಅದು ಆ ಕಂಪ್ಯೂಟರಿಂದ ಪಕ್ಕದ ಸ್ವಿಚ್ ತನಕ ಮಾತ್ರ. ಆ ಸ್ವಿಚ್‌ನಿಂದ ಕೆಳಗಿನ ಮಹಡಿಗೆ ಹೋಗೋ ಕೇಬಲ್ 100ರಲ್ಲಿ ಇದ್ರೆ ಮೇಲಿನ ಎಂಟೂ ಜನ ಆ 100ನ್ನೇ ಹಂಚ್ಕೋಬೇಕು. ಸ್ವಿಚ್‌ಗಳ ನಡುವಿನ ಕೇಬಲ್ಲೇ ಇಲ್ಲಿ ಮುಖ್ಯ, ಕಂಪ್ಯೂಟರಿನ ಕೇಬಲ್ ಹಾಳಾದ್ರೆ ಒಬ್ಬರಿಗೆ ಕಷ್ಟ, ಇದು ಹಾಳಾದ್ರೆ ಇಡೀ ಮಹಡಿಗೆ. ಸ್ವಿಚ್ ಮುಂಭಾಗದಲ್ಲಿ ಯಾವ ಬಣ್ಣದ ಲೈಟು ಯಾವ ಸ್ಪೀಡ್ ಅಂತ ಪ್ರಿಂಟ್ ಮಾಡಿರ್ತಾರೆ, ಕಂಪನಿಯಿಂದ ಕಂಪನಿಗೆ ಬೇರೆ, ಓದಿ ನೋಡಿ.

100ಕ್ಕೆ ಯಾಕೆ ಇಳಿಯತ್ತೆ? ಕೇಬಲ್ ಒಳಗೆ ನಾಲ್ಕು ಜೋಡಿ, ಎಂಟು ವೈರು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಪಿನ್ 1, 2, 3, 6. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಜೋಡಿದೋ ಕಂದು ಜೋಡಿದೋ ಒಂದು ವೈರು ಕಡಿದಿದ್ರೆ ಕೆಲವು ಸ್ವಿಚ್ ಸುಮ್ನೆ 100ಕ್ಕೆ ಇಳಿದು ಕೆಲಸ ಮಾಡ್ತಾ ಇರತ್ತೆ, ಕೆಲವು ಲಿಂಕ್ ಹಿಡಿಯೋದು ಬಿಡೋದು ಹಿಡಿಯೋದು ಬಿಡೋದು ಮಾಡ್ತಾ ಇರತ್ತೆ. ಮೇಲಿನ ಮಹಡಿ ಕೇಬಲ್ಲಿನ ಕನೆಕ್ಟರ್ ಕತ್ತರಿಸಿ ನೋಡಿದ್ರೆ ಕಂದು ವೈರು ತುದಿಯಲ್ಲೇ ಮುರಿದಿತ್ತು, ಒರೆಸುವಾಗ ಎಳೆದಿದಾರೆ. ವೈರಿನ ತುದಿ ಕೆರೆದು ನೋಡಿ, ಒಳಗೂ ತಾಮ್ರದ ಬಣ್ಣ ಇದ್ರೆ ಸರಿ, ಬೆಳ್ಳಗೆ ಕಂಡ್ರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ಅಗ್ಗಕ್ಕೆ ಸಿಗೋದು ಅದೇ. ಅದು ಬೇಗ ಮುರಿಯತ್ತೆ, ಉದ್ದ ಜಾಸ್ತಿ ಆದ್ರೆ ಸಿಗ್ನಲ್ ಕುಗ್ಗತ್ತೆ, ಅದರಲ್ಲಿ ಕ್ಯಾಮೆರಾಗೆ ಪವರ್ ಕಳಿಸಿದ್ರೆ ಬಿಸಿ ಆಗತ್ತೆ. ಸ್ವಿಚ್ ಸ್ವಿಚ್ ಮಧ್ಯೆಯಂತೂ ಅದನ್ನ ಹಾಕ್ಲೇಬೇಡಿ, ಒಂದು ಸಲ ಖರ್ಚು ಮಾಡಿ ಪೂರ್ತಿ ತಾಮ್ರದ ಕ್ಯಾಟ್ 6 ಹಾಕಿ. ಉದ್ದದ ಮಿತಿ 100 ಮೀಟರ್, ಎರಡೂ ಕಡೆಯ ಪ್ಯಾಚ್ ಕಾರ್ಡ್ ಅನ್ನೋ ತುಂಡು ಕೇಬಲ್ಲೂ ಸೇರಿಸಿ.

ಕ್ರಿಂಪಿಂಗ್, ಅಂದ್ರೆ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸೋದರ ಬಗ್ಗೆ ಒಂದು ಮಾತು, ಯಾಕಂದ್ರೆ ಇಲ್ಲಿ ಆಗೋ ಒಂದು ತಪ್ಪು ಸಾದಾ ಕೇಬಲ್ ಟೆಸ್ಟರಿಗೂ ಸಿಗಲ್ಲ. ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ಮಧ್ಯೆ ನೀಲಿ ಜೋಡಿ ನುಗ್ಗಿದೆ ನೋಡಿ, ಅದು ಬೇಕಂತಲೇ. ಕೆಲವರು ಅದೆಲ್ಲಾ ಯಾಕೆ ಅಂತ ಜೋಡಿ ಜೋಡಿಯಾಗೇ ಸಾಲಾಗಿ ಹಾಕಿ, ಎರಡೂ ತುದಿಯಲ್ಲಿ ಒಂದೇ ಥರ ಮಾಡ್ತಾರೆ. 1ರಿಂದ 8ರ ತನಕ ಟೆಸ್ಟರ್ ಲೈಟು ಸಾಲಾಗಿ ಹತ್ತತ್ತೆ, ಪಾಸ್ ಅನ್ನತ್ತೆ. ಆದ್ರೆ ಪಿನ್ 3 ಮತ್ತು 6 ಒಂದೇ ಜೋಡಿ ಆಗಿರ್ಬೇಕು, ಇವರು ಮಾಡಿದ್ರಲ್ಲಿ 3ಕ್ಕೆ ಬಿಳಿ-ಹಸಿರು 6ಕ್ಕೆ ನೀಲಿ ಬಂದಿರತ್ತೆ. ಒಂದಕ್ಕೊಂದು ತಿರುಚಿರೋ ವೈರಲ್ಲಿ ಸಿಗ್ನಲ್ ಹೋದ್ರೆ ಹೊರಗಿನ ಗಲಾಟೆ ರದ್ದಾಗತ್ತೆ, ಬೇರೆ ಬೇರೆ ಜೋಡಿಯ ವೈರಲ್ಲಿ ಹೋದ್ರೆ ಪಕ್ಕದ ಜೋಡಿಯ ಸಿಗ್ನಲ್ಲೇ ಇದರೊಳಗೆ ಸೋರತ್ತೆ. ಎರಡು ಮೀಟರ್ ಕೇಬಲ್ ಹಾಗೂ ಹೀಗೂ ಓಡತ್ತೆ, ಮೂವತ್ತು ಮೀಟರ್ ಆದ್ರೆ ಪ್ಯಾಕೆಟ್ ಉದುರೋಕೆ ಶುರು. ಹಾಗಾಗಿ ಟೆಸ್ಟರ್ ಪಾಸ್ ಅಂದ್ರೂ ಪಾರದರ್ಶಕ ಕನೆಕ್ಟರ್ ಒಳಗೆ ಬಣ್ಣ ಕಣ್ಣಾರೆ ನೋಡಿ. ಇನ್ನು ಸ್ವಿಚ್‌ಗೆ ಸ್ವಿಚ್ ಸೇರಿಸೋಕೆ ಕ್ರಾಸ್ ಕೇಬಲ್ (ಎರಡು ತುದಿಯಲ್ಲಿ ವೈರಿನ ಕ್ರಮ ಬೇರೆ ಇರೋದು) ಬೇಕು ಅಂತ ಇನ್ನೂ ಹೇಳೋರಿದಾರೆ, ಅದು ಹಳೇ ಕಾಲದ ಮಾತು, ಈಗಿನ ಸ್ವಿಚ್‌ಗಳು ತಾವೇ ಅಡ್ಜಸ್ಟ್ ಮಾಡ್ಕೊಳ್ಳತ್ತೆ, ಯಾವ ಪೋರ್ಟಿಂದ ಯಾವ ಪೋರ್ಟಿಗಾದ್ರೂ ಸೀದಾ ಕೇಬಲ್ ಸಾಕು.

ಮೂರನೇದು, ಅಕೌಂಟ್ಸ್ ರೂಮಿನ ಇಬ್ಬರು. ಇಂಥಾ ಕಡೆ ಕಮಾಂಡ್ ಪ್ರಾಂಪ್ಟಲ್ಲಿ ಐಪಿಕಾನ್ಫಿಗ್ ಕೊಟ್ಟು ಸರಿ ಇರೋ ಕಂಪ್ಯೂಟರಿಂದೂ ಸರಿ ಇಲ್ಲದ್ದರದೂ ಪಕ್ಕಪಕ್ಕ ಇಟ್ಟು ನೋಡ್ಬೇಕು. 169.254 ಅಂತ ಶುರುವಾಗೋ ಐಪಿ ಕಂಡ್ರೆ ಸಾಮಾನ್ಯವಾಗಿ ಐಪಿ ಕೊಡೋ ರೂಟರ್ ತನಕ ಅದು ತಲುಪ್ತಾನೇ ಇಲ್ಲ, ಕೇಬಲ್ಲೋ ಪೋರ್ಟೋ ನೋಡಿ. ಇಲ್ಲಿ ಹಾಗಿರ್ಲಿಲ್ಲ, ಉಳಿದೋರಿಗೆ 192.168.1 ಸಾಲಿನ ಐಪಿ, ಇವರಿಬ್ಬರಿಗೆ 192.168.0 ಸಾಲಿಂದು. ಅಂದ್ರೆ ಇನ್ನೊಬ್ಬ ಯಾರೋ ಐಪಿ ಹಂಚ್ತಾ ಇದಾನೆ. ಹುಡುಕಿದ್ರೆ ಅವರ ರೂಮಲ್ಲಿ ಸ್ವಿಚ್ ಅಂತ ಇಟ್ಟಿದ್ದು ಸ್ವಿಚ್ಚೇ ಅಲ್ಲ, ಹಳೇ ವೈಫೈ ರೂಟರ್. ನಾಲ್ಕು ಲ್ಯಾನ್ ಪೋರ್ಟ್ ಇದೆಯಲ್ಲಾ ಅಂತ ಸ್ವಿಚ್ ಥರ ಬಳಸ್ತಿದ್ರು. ಅದೇನೂ ಅಪರಾಧ ಅಲ್ಲ, ಬಳಸ್ಬಹುದು, ಆದ್ರೆ ಅದರ ಡಿಎಚ್‌ಸಿಪಿ (ತಾನಾಗೇ ಐಪಿ ಹಂಚೋ ಕೆಲಸ) ಆಫ್ ಮಾಡಿರ್ಬೇಕು, ಅದರ ಸ್ವಂತ ಐಪಿ ಮುಖ್ಯ ರೂಟರಿನ ಸಾಲಿಗೇ ಬದಲಾಯಿಸಿ ಯಾರಿಗೂ ಇಲ್ಲದ ನಂಬರ್ ಕೊಟ್ಟಿರ್ಬೇಕು, ಕೇಬಲ್ ಅದರ ಲ್ಯಾನ್ ಪೋರ್ಟಿಗೇ ಬರ್ಬೇಕು. ಮೊದಲು ಯಾರೋ ತಿಳಿದೋರು ಹಾಗೇ ಹಾಕಿಕೊಟ್ಟಿದ್ರು. ಪೂಜೆ ದಿನ ಒರೆಸಿ ವಾಪಸ್ ಹಾಕುವಾಗ ಬೇರೆ ಬಣ್ಣದ ಪೋರ್ಟೇ ಮೇನ್ ಇರಬೇಕು ಅಂತ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಕೇಬಲ್ ಬರೋ ಪೋರ್ಟ್) ಹಾಕಿದಾರೆ, ಏನೂ ಬರ್ಲಿಲ್ಲ ಅಂತ ರೀಸೆಟ್ ಬಟನ್ನೂ ಒತ್ತಿದಾರೆ, ಹಳೇ ಸೆಟ್ಟಿಂಗ್ ಹೋಗಿ ಅದು ಮತ್ತೆ ಸ್ವಂತ ಐಪಿ ಹಂಚೋ ರೂಟರ್ ಆಗಿಹೋಗಿದೆ. ಇಂಟರ್ನೆಟ್ ಬರತ್ತೆ, ಅದಕ್ಕೇ ಎಲ್ಲಾ ಸರಿ ಇದೆ ಅನ್ಸತ್ತೆ, ಆದ್ರೆ ಆ ಇಬ್ಬರೂ ಒಂದು ಬೇರೆ ಮನೆಯೊಳಗೆ ಕೂತ ಹಾಗೆ, ಪ್ರಿಂಟರ್ ಹುಡುಕಿದ್ರೆ ಕಾಣಲ್ಲ. ಒಂದು ವೇಳೆ ಅದೇ ಸ್ಥಿತಿಯಲ್ಲಿ ಲ್ಯಾನ್ ಪೋರ್ಟಿಗೆ ಹಾಕಿದ್ದಿದ್ರೆ ಇನ್ನೂ ಕಷ್ಟ ಇತ್ತು, ಇಡೀ ಆಫೀಸಲ್ಲಿ ಯಾರು ಮೊದಲು ಉತ್ತರ ಕೊಡ್ತಾರೋ ಅವರ ಐಪಿ, ಒಂದು ದಿನ ಒಬ್ಬರಿಗೆ ಹೋಗತ್ತೆ, ಇನ್ನೊಂದು ದಿನ ಇನ್ನೊಬ್ಬರಿಗೆ. ಅದನ್ನ ತೆಗೆದು ಒಂದು 8 ಪೋರ್ಟಿನ ಗಿಗಾಬಿಟ್ ಸ್ವಿಚ್ ಹಾಕಿಸಿದೆ.

ಅಡಾಪ್ಟರ್ ಬಗ್ಗೆ ಹೇಳದೇ ಇದ್ರೆ ಆಗಲ್ಲ. ಸಣ್ಣ ಸ್ವಿಚ್‌ಗಳ ಅಡಾಪ್ಟರ್ ಪಿನ್ನು ನೋಡೋಕೆ ಒಂದೇ ಥರ, ವೋಲ್ಟೇಜ್ ಬೇರೆ, ಒಂದು 5, ಒಂದು 9, ಇನ್ನೊಂದು 12. ಬಿಚ್ಚಿ ಒರೆಸಿ ಹಾಕುವಾಗ ಅದಲುಬದಲಾದ್ರೆ 5 ವೋಲ್ಟಿನ ಸ್ವಿಚ್‌ಗೆ 12 ಹೋಗಿ ಸುಟ್ಟೇಹೋಗಬಹುದು, ತಿರುಗಿ ಆದ್ರೆ ಆನ್ ಆಗಲ್ಲ, ಅಥವಾ ಲೈಟು ಹತ್ತಿ ಆಗಾಗ ತಾನೇ ರೀಸ್ಟಾರ್ಟ್ ಆಗ್ತಾ ಇರತ್ತೆ. ಅಡಾಪ್ಟರ್ ಮೇಲೆ ಯಾವ ಸ್ವಿಚ್‌ದು ಅಂತ ಮಾರ್ಕರಲ್ಲಿ ಬರೆದಿಡಿ. ದಿನಕ್ಕೆ ಮೂರ್ನಾಲ್ಕು ಸಲ ಒಂದು ರೂಮಿಗೆ ಮಾತ್ರ ನೆಟ್ ಹೋಗಿ ಬರೋದು, ಅದೂ ಕರೆಂಟ್ ಹೋಗಿ ಜನರೇಟರ್ ಶುರುವಾಗೋ ಹೊತ್ತಿಗೆ ಅಂದ್ರೆ ಆ ಸ್ವಿಚ್ ಯುಪಿಎಸ್ ಲೈನಲ್ಲಿ ಇಲ್ಲ ಅಂತ. ಎಲ್ಲಾ ಕಂಪ್ಯೂಟರೂ ಯುಪಿಎಸ್‌ಲಿ ಇರತ್ತೆ, ಇದೊಂದು ಪುಟ್ಟ ಡಬ್ಬಿ ಮಾತ್ರ ಹೊರಗೆ.

ಎಲ್ಲಾ ಸರಿ ಮಾಡಿದ ಮೇಲೆ ನಾನು ಸ್ವಿಚ್‌ಗಳನ್ನ ಸರಪಳಿ ಥರ ಒಂದರ ಬಾಲಕ್ಕೆ ಇನ್ನೊಂದು ಇರೋದನ್ನ ಬಿಡಿಸಿ, ಆದಷ್ಟೂ ಎಲ್ಲವನ್ನೂ ಮಧ್ಯದ 24 ಪೋರ್ಟಿನದಕ್ಕೇ ನೇರ ತಂದೆ. ಸರಪಳೀಲಿ ಮೊದಲನೇದು ಕೆಟ್ರೆ ಹಿಂದಿನ ಎಲ್ಲರೂ ಹೋದ ಹಾಗೆ, ನಕ್ಷತ್ರದ ಥರ ಇದ್ರೆ ಕೆಟ್ಟಿದ್ದು ಒಂದೇ ರೂಮು, ಹುಡುಕೋದೂ ಒಂದೇ ಕೇಬಲ್. ಟ್ಯಾಲಿ ಸರ್ವರ್ ಮತ್ತು ಕ್ಯಾಮೆರಾದ ರೆಕಾರ್ಡರ್ ಎರಡೂ ಮಧ್ಯದ ಸ್ವಿಚ್‌ಗೇ ಬರ್ಬೇಕು, ಟೇಬಲ್ ಕೆಳಗಿನದಕ್ಕೆ ಹಾಕಿದ್ರೆ ಎಲ್ಲರ ಓಡಾಟವೂ ಆ ಒಂದು ಕೇಬಲ್ ಮೇಲೆ ಬೀಳತ್ತೆ. ಎರಡು ಬಿಲ್ಡಿಂಗ್ ಮಧ್ಯೆ ಕೇಬಲ್ ಎಳೆಯೋದಿದ್ರೆ ತಾಮ್ರ ಬೇಡವೇ ಬೇಡ, ಮಳೆಗಾಲದ ಮೊದಲ ಸಿಡಿಲಿಗೆ ಎರಡೂ ಕಡೆ ಪೋರ್ಟ್ ಸುಟ್ಟಿದ್ದು ನೋಡಿದೀನಿ, ಫೈಬರ್ ಹಾಕಿ, ಅದರಲ್ಲಿ ಕರೆಂಟ್ ಹರಿಯಲ್ಲ.

ಹೊರಡೋಕೆ ಮುಂಚೆ ಮೂರು ಲ್ಯಾಪ್‌ಟಾಪಲ್ಲಿ, ಮಹಡಿ ಮೇಲಿಂದು ಒಂದು, ಡೇಟಾ ಎಂಟ್ರಿ ರೂಮಿಂದು ಒಂದು, ಅಕೌಂಟ್ಸಿಂದು ಒಂದು, ರೂಟರಿಗೂ ಸರ್ವರಿಗೂ ಪಿಂಗ್ ಬಿಟ್ಟು ಫೈಲಿಗೆ ಬರೆಯೋ ಹಾಗೆ ಮಾಡಿ, ಲ್ಯಾಪ್‌ಟಾಪ್ ನಿದ್ದೆ ಹೋಗದ ಹಾಗೆ ಸೆಟ್ ಮಾಡಿ ರಾತ್ರಿಯೆಲ್ಲಾ ಬಿಟ್ಟೆ. ಬೆಳಗ್ಗೆ ಬಂದು ನೋಡಿದ್ರೆ ಮಹಡಿದರಲ್ಲಿ ಮಾತ್ರ ಎರಡು ಪ್ಯಾಕೆಟ್ ಹೋಗಿತ್ತು, ಎರಡೂ ಒಂದರ ಹಿಂದೆ ಒಂದು, ಪಿಂಗಿನ ಸಾಲು ಸೆಕೆಂಡಿಗೊಂದು ಅಂತ ಎಣಿಸಿದ್ರೆ ರಾತ್ರಿ ಕರೆಂಟ್ ಹೋದ ಹೊತ್ತಿಗೆ ಸರಿಹೋಯ್ತು. ಆ ಸ್ವಿಚ್‌ನ ಯುಪಿಎಸ್ ಲೈನಿಗೆ ಬದಲಾಯಿಸಿ, ಹಾಳೆ ಮೇಲಿನ ಚಿತ್ರನ ಚೊಕ್ಕಟವಾಗಿ ಬರೆದು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿ, ಆಮೇಲೇ ಕೇಬಲ್‌ಗಳಿಗೆ ಟೈ ಹಾಕಿದ್ದು.